ಐಸಿಗೆ ಉಪ್ಪು ಹಾಕಿದ ಶಂಕ್ರಮ್ಮ

ಜಗಳೂರಿನ ಆ ಬೀದಿಯಲ್ಲಿ ಶಂಕ್ರಮ್ಮನ ಮನೆ ಯಾವುದು ಎಂದು ಕೇಳಿದರೆ ಜನ ಮುಖ ಮುಖ ನೋಡುತ್ತಿದ್ದರು. ಉಪ್ಪಿನ ಶಂಕ್ರಿಯ ಮನೆ ಎಂದರೆ ಮಾತ್ರ ಕೂಸುಕುನ್ನಿಗಳೂ ಬೆರಳು ಮಾಡಿ ತೋರಿಸುತ್ತಿದ್ದವು. ಆ ಹೆಸರು ಅವಳಿಗೆ ಅಂಟಿದ್ದು ಗಂಡನ ಮನೆಗೆ ಬಂದ ಎಂಟನೆಯ ದಿನ. ಹೊನ್ನಾಳಿ ಸೀಮೆಯ ಹೊಳೆಸಾಲಿನ ಊರು ಸಾಸ್ವೆಹಳ್ಳಿಯ ತುಂಬಿದ ಮನೆಯಲ್ಲಿ ಹೊತ್ತಿಗೆ ಇಪ್ಪತ್ತು ಜನಕ್ಕೆ ಬೇಯಿಸಿದ ಕೈ ಅವಳದು. ಇಲ್ಲಿ ಇದ್ದವರು ಗಂಡ ಗಾದ್ರಪ್ಪ, ಅತ್ತೆ ಹನುಮಂತಮ್ಮ, ತಾನು, ಮೂರೇ ಜನ. ಕೈಗೆ ಅದು ತಿಳಿಯಬೇಕಲ್ಲ, ತವರಿನ ಅಳತೆಯಲ್ಲೇ ಸಾರಿಗೆ ಉಪ್ಪು ಸುರಿಯಿತು.

ಅವತ್ತು ಉಣ್ಣಲು ಕುಳಿತಿದ್ದವನು ಅತ್ತೆಯ ತಮ್ಮ ದುರುಗಣ್ಣ. ದಂಡಿಗೆ ಸೇರಿದ್ದವನು ರಜೆಯ ಮೇಲೆ ಬಂದಿದ್ದ. ಒಂದೇ ತುತ್ತಿಗೆ ಎದ್ದು ಬಚ್ಚಲಿಗೆ ಹೋಗಿ ಉಗಿದು ಬಂದು, ಕೇಳಿದವರಿಗೂ ಕೇಳದವರಿಗೂ ಅದನ್ನೇ ಹೇಳಿಕೊಂಡು ತಿರುಗಿದ. ಹನುಮಂತಮ್ಮ ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ಉಪ್ಪಿನ ಗಡಿಗೆಯನ್ನು ಎತ್ತಿ ಗೋಡೆಯ ಎತ್ತರದ ಗೂಡಿನಲ್ಲಿಟ್ಟು, "ಬೇಯ್ಸೋದು ನೀ ಬೇಯ್ಸು. ಉಪ್ಪು ನಾ ಹಾಕ್ತೀನಿ" ಅಂದಳು. ಆಮೇಲೆ ಎರಡು ವರ್ಷ ಶಂಕ್ರಮ್ಮ ಉಪ್ಪು ಮುಟ್ಟಲಿಲ್ಲ. ಸಾರು ಕುದಿಯುವಾಗ ಅತ್ತೆಯನ್ನು ಕೂಗಿ ಕರೆಯಬೇಕಿತ್ತು. ಅತ್ತೆ ನೆರೆಮನೆಯಲ್ಲಿ ಮಾತಿಗೆ ಕುಳಿತಿದ್ದರೆ ಅಲ್ಲಿಗೇ ಹೋಗಿ ಎಲ್ಲರೆದುರು ಕರೆತರಬೇಕಿತ್ತು. ಅದೆಂಥ ಅವಮಾನವೆಂದು ಪಟ್ಟವರಿಗೇ ಗೊತ್ತು.

ನಲವತ್ತಾರರ ಬೇಸಿಗೆಯ ಹೊತ್ತಿಗೆ ಯುದ್ಧ ಮುಗಿದು ದುರುಗಣ್ಣ ಪೂರ್ತಿಯಾಗಿ ಊರಿಗೆ ಬಂದ. ಇರಾಕಿನ ಬಸ್ರಾದಲ್ಲಿ ಇದ್ದು ಬಂದವನಿಗೆ ಊರಿನ ಒಂದೂ ಹಿಡಿಸದು. ಒಂದು ಸೋಮವಾರ ಅಕ್ಕನ ಮನೆಯ ಜಗಲಿಯಲ್ಲಿ ಕುಳಿತು ಶಂಕ್ರಮ್ಮ ಕೊಟ್ಟ ಟೀ ಕುಡಿಯುತ್ತ ಮೂಗು ಮುರಿದ. "ಈ ಬಿಸಿಲಾಗೆ ಸುಡೋ ಟೀ ಯಾರು ಕುಡೀತಾರೆ? ಬಸ್ರಾದಾಗೆ ಸಾಹೇಬ್ರು ನಿಂಬೆಹಣ್ಣು ಹಿಂಡಿ, ಐಸ್ ಹಾಕ್ಕಂಡು ತಣ್ಣಗೆ ಕುಡೀತಿದ್ರು. ನಂಗೂ ಕೊಡ್ತಿದ್ರು. ಈ ಮನೇಲಿ ಸೊಸೆಗೆ ಸಾರಿಗೆ ಉಪ್ಪು ಹಾಕಾಕೆ ಬರಲ್ಲ, ಇನ್ನು ಐಸ್ ಟೀ ಎಲ್ಲಿಂದ ಬರ್ಬೇಕು" ಅಂದ. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಅಕ್ಕಾ, ನನ್ ಮಗಳು ಮನೇಲಿ ಕುಂತವ್ಳೆ. ಸೋದರಮಾವನ ಮಗಳನ್ನ ಬಿಟ್ಟು ಹೊಳೆಸಾಲಿಗೆ ಹೋಗಿ ಹೆಣ್ಣು ತಂದ್ರಿ. ಈಗ್ಲಾದ್ರೂ ಗಾದ್ರಪ್ಪಂಗೆ ಅವಳನ್ನೂ ತಂದ್ಕ. ಎರಡನೇದಾದ್ರೂ ಚಿಂತಿಲ್ಲ, ಅಡಿಗೆ ಬರುತ್ತೆ" ಅಂದ.

ಒಳಗೆ ಬಾಗಿಲ ಮರೆಯಲ್ಲಿ ಶಂಕ್ರಮ್ಮ ಎಲ್ಲ ಕೇಳಿಸಿಕೊಂಡಳು. ಸವತಿ ಬಂದು ಆ ಗೂಡಿನ ಗಡಿಗೆಗೆ ಕೈಹಾಕುವುದು ಕಣ್ಣ ಮುಂದೆ ಬಂದು ನಿಂತಿತು. ಅತ್ತೆ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ.

ಗಾದ್ರಪ್ಪ ಬಸ್ಸಿನಲ್ಲಿ ಟಿಕೆಟ್ ಹರಿಯುವವನು, ಮನೆಯಲ್ಲಿ ಬಾಯಿ ಸತ್ತವನು. ಅವತ್ತು ಮಾತ್ರ ಅವನಿಗೆ ಎಲ್ಲಿಲ್ಲದ ರೋಷ ಬಂತು. "ಮಾವ, ಬರೋ ಸೋಮವಾರ ಬರ್ರಿ. ನಿಮ್ ಬಸ್ರಾದ ಟೀ ಇವಳೇ ಮಾಡಿ ಕೊಡ್ತಾಳೆ. ಕೊಡದಿದ್ರೆ ನೀವು ಹೇಳ್ದಂಗೆ ಆಗ್ಲಿ. ಕೊಟ್ರೆ ಆ ಮಾತು ಇನ್ನೊಂದ್ಸಾರಿ ಎತ್ತಬಾರ್ದು" ಅಂದುಬಿಟ್ಟ. ದುರುಗಣ್ಣ ಮೀಸೆ ನೀವಿಕೊಂಡು ಒಪ್ಪಿದ. ಗಂಡಸರು ಪಂಥ ಕಟ್ಟುವುದು, ಹೆಂಗಸರು ಒಲೆಯ ಮುಂದೆ ಬೆಂದು ಅದನ್ನು ಗೆದ್ದುಕೊಡುವುದು, ಇದು ಇವತ್ತಿನ ಕಥೆಯಲ್ಲ ಬಿಡಿ.

ಸೋಮವಾರ ಬೆಳಿಗ್ಗೆಯ ಬಸ್ಸಿನಲ್ಲಿ ದಾವಣಗೆರೆಯಿಂದ ಐಸ್ ಬಂತು. ಗಾದ್ರಪ್ಪನ ಬಸ್ ಓಡಿಸುವ ಮುರ್ತುಜಾಸಾಬರು ಅದನ್ನು ಸೀಮೆಎಣ್ಣೆ ಡಬ್ಬದಲ್ಲಿಟ್ಟು, ಸುತ್ತ ಶೇಂಗಾ ಹೊಟ್ಟು ತುಂಬಿದ ಗೋಣಿ ಸುತ್ತಿ, ಕೂಸನ್ನು ತಂದಂತೆ ತಂದಿದ್ದರು. "ಜಲ್ದಿ ಬಳಸ್ಕಳಮ್ಮ. ಇದು ನಿಲ್ಲೋ ಮಾಲಲ್ಲ, ಮಧ್ಯಾಹ್ನಕ್ಕೆ ನೀರಾಗ್ತೈತೆ" ಎಂದು ಹೇಳಿ ಗಾದ್ರಪ್ಪನನ್ನು ಕರೆದುಕೊಂಡು ಮುಂದಿನ ಟ್ರಿಪ್ಪಿಗೆ ಹೊರಟರು.

ದುರುಗಣ್ಣ ಬರುವುದೇ ಮಧ್ಯಾಹ್ನ. ಅಲ್ಲಿಯವರೆಗೆ ಇದನ್ನು ಕೆಡದಂತೆ ಇಡುವುದು ಹೇಗೆ? ಶಂಕ್ರಮ್ಮ ಐಸನ್ನು ಕಂಡದ್ದೇ ಅವತ್ತು. ಆದರೆ ಕೆಡುವ ವಸ್ತುವನ್ನು ಉಳಿಸುವುದು ಅವಳಿಗೆ ಹುಟ್ಟಿನಿಂದ ಗೊತ್ತು. ತವರಿನಲ್ಲಿ ಹೊಳೆಮೀನು ಹೆಚ್ಚಾದರೆ ಉಪ್ಪು, ಮಾವಿನಕಾಯಿ ಹೆಚ್ಚಾದರೆ ಉಪ್ಪು, ನಿಂಬೆಹಣ್ಣಿಗೂ ಉಪ್ಪು. ಅತ್ತೆ ಹೊಲದ ಕಡೆ ಹೋಗಿದ್ದಳು. ಶಂಕ್ರಮ್ಮ ಎರಡು ವರ್ಷದ ಮೇಲೆ ಗೂಡಿಗೆ ಕೈಚಾಚಿ ಗಡಿಗೆ ಇಳಿಸಿದಳು. ಐಸನ್ನು ಒನಕೆಯಿಂದ ಕುಟ್ಟಿ ಚೂರು ಮಾಡಿ, ಒಂದು ಪದರ ಐಸು, ಒಂದು ಪದರ ಹರಳುಪ್ಪು, ಹೀಗೆ ಗಡಿಗೆ ಬರಿದಾಗುವ ತನಕ ಹಾಕಿ, ಡಬ್ಬ ಮುಚ್ಚಿ ಗೋಣಿ ಸುತ್ತಿದಳು. ಮನಸ್ಸು ಹಗುರವಾಯಿತು. ತಂಬಿಗೆಯಲ್ಲಿ ಟೀ ಕಾಸಿ, ಸೋಸಿ, ಸಕ್ಕರೆ ನಿಂಬೆರಸ ಬೆರೆಸಿ ಆರಲು ಇಟ್ಟಳು.

ಮಧ್ಯಾಹ್ನ ದುರುಗಣ್ಣ ಬಂದು ಜಗಲಿಯಲ್ಲಿ ಕುಳಿತ. ಹೊಲದಿಂದ ಅತ್ತೆಯೂ, ತಮಾಷೆ ನೋಡಲು ನೆರೆಮನೆಯ ಕೆಂಪಕ್ಕನೂ ಬಂದರು. ಒಳಗೆ ಶಂಕ್ರಮ್ಮ ಗೋಣಿ ಬಿಚ್ಚಿ ಡಬ್ಬ ತೆರೆದು ನೋಡಿದರೆ ಅರ್ಧ ಐಸು ಕರಗಿ ಕೆಸರಿನಂತಾಗಿತ್ತು. ಒಂದು ಚೂರು ಬಾಯಿಗಿಟ್ಟಳು. ಸಮುದ್ರವನ್ನೇ ಕುಡಿದಷ್ಟು ಉಪ್ಪು. ಇಣುಕಿದ ಕೆಂಪಕ್ಕ ನಗು ತಡೆಯಲಾರದೆ ಜಗಲಿಗೆ ಕೇಳುವಂತೆ ಅಂದಳು: "ನಮ್ ಉಪ್ಪಿನ ಶಂಕ್ರಿ ಐಸಿಗೂ ಉಪ್ಪು ಹಾಕವ್ಳೆ ಕಣ್ರೀ."

ದುರುಗಣ್ಣ ನಕ್ಕ ನಗುವಿಗೆ ಜಂತಿಯ ಧೂಳು ಉದುರಬೇಕಿತ್ತು. "ಉಪ್ಪು ತಿಂದೋರು ನೀರು ಕುಡೀಬೇಕು ಅಕ್ಕಾ. ಮದುವೆ ದಿನ ನೋಡ್ಸು" ಅಂದ.

ಶಂಕ್ರಮ್ಮನ ಕಣ್ಣು ತುಂಬಿ ಬಂತು. ಚೂರುಗಳನ್ನು ತೊಳೆದು ನೋಡಿದಳು, ಉಪ್ಪಿನ ಜೊತೆ ಐಸೂ ನೀರಾಗಿ ಹೋಯಿತು. ಸೋತೆ ಅಂದುಕೊಂಡು, ಡಬ್ಬವನ್ನು ಹಿತ್ತಲಿಗೆ ಒಯ್ಯಲು ಒದ್ದೆ ಕೈಯಲ್ಲಿ ಹಿಡಿದಳು. ಚುರ್ ಎಂದಿತು. ಕೈ ತಗಡಿಗೆ ಅಂಟಿಕೊಂಡಿತ್ತು. ಬಿಡಿಸಿಕೊಂಡು ನೋಡಿದಳು. ಡಬ್ಬದ ಹೊರಮೈಗೆ ಬೆಳ್ಳಗೆ ಹಿಟ್ಟು ಹಿಡಿದಂತಿತ್ತು. ನೆಕ್ಕಿ ನೋಡಿದರೆ ಉಪ್ಪಿಲ್ಲ, ಬರೀ ತಂಪು. ಬೆಳಿಗ್ಗೆ ಬಂದ ಐಸು ಹೀಗೆ ಕಚ್ಚಿರಲಿಲ್ಲ. ಹಾಗಾದರೆ ಉಪ್ಪು ಹಾಕಿದ ಮೇಲೆ ಇದರ ತಂಪು ಇಮ್ಮಡಿಯಾಗಿದೆ, ಮತ್ತು ತಗಡಿನಿಂದ ಆಚೆಗೆ ತಂಪು ದಾಟುತ್ತದೆ, ಉಪ್ಪು ದಾಟುವುದಿಲ್ಲ.

ಐಸು ಟೀಯೊಳಗೇ ಬೀಳಬೇಕು ಎಂದು ಯಾರು ಹೇಳಿದರು? ಅವಳು ಕಣ್ಣೊರೆಸಿಕೊಂಡು ಟೀ ತಂಬಿಗೆಯ ಮೇಲೆ ತಟ್ಟೆ ಮುಚ್ಚಿ, ಆ ಉಪ್ಪಿನ ಕೆಸರಿನಲ್ಲಿ ಕುತ್ತಿಗೆಯ ತನಕ ಹುಗಿದಳು. ಕಂಠ ಹಿಡಿದು ಅತ್ತ ಇತ್ತ ತಿರುಗಿಸುತ್ತ ಕುಳಿತಳು. ಬೆರಳು ಮರಗಟ್ಟಿದವು, ಸೆರಗು ಸುತ್ತಿಕೊಂಡು ತಿರುಗಿಸಿದಳು. ಹೊರಗಿನಿಂದ ದುರುಗಣ್ಣ, "ಏನಮ್ಮಾ, ಆಯ್ತಾ?" ಎಂದು ಎರಡು ಸಲ ಕೆಣಕಿದ. ತಟ್ಟೆ ತೆಗೆದಾಗ ತಂಬಿಗೆಯ ಒಳಗೋಡೆಗೆ ಟೀಯೇ ಹೆಪ್ಪುಗಟ್ಟಿ ತೆಳ್ಳಗೆ ಹೊಳೆಯುತ್ತಿತ್ತು. ಚಮಚದಿಂದ ಕೆರೆದು, ಕಲಕಿ, ಲೋಟಕ್ಕೆ ಬಗ್ಗಿಸಿ, ತಲೆಯೆತ್ತಿಕೊಂಡೇ ಜಗಲಿಗೆ ಬಂದಳು.

"ತಗಳ್ರಿ ಮಾವ."

ಅವನು ಮೊದಲು ನಾಲಿಗೆಯ ತುದಿ ತಾಗಿಸಿದ, ಉಪ್ಪು ಹುಡುಕಲು. ಉಪ್ಪು ಸಿಗಲಿಲ್ಲ. ಒಂದು ಗುಟುಕು ಕುಡಿದ. ಹಲ್ಲು ಜುಮ್ಮೆಂದಿತು. ಲೋಟ ಬರಿದು ಮಾಡಿ ಕೆಳಗಿಟ್ಟ. ದಂಡಿನ ಮನುಷ್ಯ, ಸುಳ್ಳು ಹೇಳಲು ಬರಲಿಲ್ಲ. "ಬಸ್ರಾದಾಗೆ ಐಸ್ ಕರಗಿ ಟೀ ನೀರುನೀರಾಗ್ತಿತ್ತು. ಇದ್ರಾಗೆ ಟೀನೇ ಐಸ್ ಆಗೈತೆ. ಹೆಂಗೆ ಮಾಡಿದೆಯಮ್ಮ?"

"ಉಪ್ಪು ಹಾಕಿ" ಅಂದಳು ಶಂಕ್ರಮ್ಮ.

ನಕ್ಕಿದ್ದ ಕೆಂಪಕ್ಕನೇ ಎರಡನೇ ಲೋಟಕ್ಕೆ ಮೊದಲು ಕೈಚಾಚಿದಳು. ಹನುಮಂತಮ್ಮ ಒಂದು ಗುಟುಕು ಕುಡಿದು ಎದ್ದು ಒಳಗೆ ಹೋದಳು. ತಿರುಗಿ ಬಂದಾಗ ಅವಳ ಕೈಯಲ್ಲಿ ಬರಿದಾದ ಉಪ್ಪಿನ ಗಡಿಗೆ ಇತ್ತು. ಅತ್ತೆ ಗಡಿಗೆಯನ್ನು ತಮ್ಮನ ಮುಂದೆ ಇಟ್ಟಳು.

"ದುರುಗಾ, ಆಡಿದ ಮಾತು ನೆನಪೈತಲ್ಲ? ನಿನ್ ಮಗಳಿಗೆ ಬೇರೆ ಕಡೆ ಗಂಡು ನೋಡು. ಈಗ ಅಂಗಡಿಗೆ ಹೋಗಿ ಈ ಗಡಿಗೆ ತುಂಬ ಉಪ್ಪು ತಾ."

ಬಸ್ರಾ ಕಂಡು ಬಂದ ದುರುಗಣ್ಣ ಉರಿಬಿಸಿಲಿನಲ್ಲಿ ಗಡಿಗೆ ಬಗಲಿಗಿಟ್ಟುಕೊಂಡು ನಡೆದ. ಬೀದಿಯವರೆಲ್ಲ ನೋಡಿದರು. ತುಂಬಿಸಿಕೊಂಡು ಬಂದು ಅಕ್ಕನ ಕಡೆ ಚಾಚಿದ. ಹನುಮಂತಮ್ಮ ಎರಡೂ ಕೈ ಹಿಂದೆ ಕಟ್ಟಿಕೊಂಡಳು.

"ನನ್ ಕೈಗಲ್ಲ. ಅವಳ ಕೈಗೆ ಕೊಡು."