ತೂಬಿನ ಬಾಯಿಯ ಮಣ್ಣು

ಮೊದಲ ಸಲ ಕಂಡಾಗ ಚೆನ್ನುವನ್ನು ನಾನು ಎರಡನೇ ದರ್ಜೆಗೆ ಹಾಕಿದ್ದೆ. ಎತ್ತರ ನಾಲ್ಕೂವರೆ ಅಡಿ. ತೂಕ ಒಂದು ಮುಡಿ ಅಕ್ಕಿಗಿಂತ ತುಸು ಹೆಚ್ಚು. ಮಡಕೆ ಬಡಿದೂ ಬಡಿದೂ ಬಲಗೈ ಎಡಗೈಗಿಂತ ದಪ್ಪ. ಎದುರಿನ ಒಂದು ಹಲ್ಲು ಇಲ್ಲ. ಇಂಥವರ ಹತ್ತಿರ ಚೌಕಾಸಿ ಬೇಗ ಮುಗಿಯುತ್ತದೆ ಎಂಬುದು ನನ್ನ ಅನುಭವ. ಬೇಗ ಮುಗಿದದ್ದು ನಿಜ. ಹದಿನೆಂಟು ಮಡಕೆಗಳು ಅವಳು ಹೇಳಿದ ಕ್ರಯಕ್ಕೇ ನನ್ನ ಗಾಡಿ ಹತ್ತಿದವು. ಹತ್ತೊಂಬತ್ತನೆಯದನ್ನು ಅವಳೇ ಬೆರಳಿನಿಂದ ಬಡಿದು ನೋಡಿ ಕೆಳಗಿಳಿಸಿದಳು.

"ಅದು ಬೇಡ ಸಾವ್ಕಾರ್ರೆ. ಸ್ವರ ಸರಿ ಇಲ್ಲ."

"ನನಗೆ ಮಡಕೆ ಸಾಕು ಮಾರಾಯ್ತಿ, ಭಜನೆಗೆ ಎಂತ ಕರ್ಕೊಂಡು ಹೋಗುದಾ?"

"ನಿಮಗೆ ಸಾಕು. ತೆಕ್ಕೊಂಡವರು ಬೈಯುದು ನನ್ನನ್ನಲ್ವಾ?"

ಇದು ಐವತ್ತೆರಡನೇ ಇಸವಿಯ ಮಾತು. ನನಗೆ ಆಗ ಕಡಬದಲ್ಲಿ ಅಂಗಡಿ. ಹಗ್ಗ, ಬುಟ್ಟಿ, ಮಡಕೆ, ಸೀಗೆ, ಸಿಕ್ಕಿದ್ದೆಲ್ಲ ಮಾರುತ್ತಿದ್ದೆ. ಕೋಡಿಂಬಾಳದಿಂದ ಆಚೆಗೆ ಗಾಡಿ ದಾರಿ ಮುಗಿಯುವಲ್ಲಿ ಮದಕಬೆಟ್ಟು ಎಂಬ ಹನ್ನೊಂದು ಮನೆಯ ಊರು. ಗುಡ್ಡದಿಂದ ಇಳಿಯುವ ಮಳೆನೀರನ್ನು ಕಟ್ಟೆ ಕಟ್ಟಿ ನಿಲ್ಲಿಸಿದ ಕೆರೆಗೆ ನಮ್ಮ ಕಡೆ ಮದಕ ಎನ್ನುತ್ತಾರೆ. ಆ ಊರಿಗೆ ದೇವಸ್ಥಾನ, ಶಾಲೆ, ಪೇಟೆ ಯಾವುದೂ ಇರಲಿಲ್ಲ; ಮದಕ ಒಂದೇ ಇದ್ದದ್ದು. ಮೂಡು ಬದಿಯಲ್ಲಿ ಎಮ್ಮೆಗಳು ಮುಳುಗಬೇಕು, ಬಡಗಿನಲ್ಲಿ ಬಟ್ಟೆ ಒಗೆಯಬೇಕು, ಆಂಬಲ್ ಎನ್ನುವ ನೈದಿಲೆ ಹೂ ಇರುವ ಮೂಲೆಗೆ ಯಾರೂ ಕಾಲಿಡಬಾರದು. ಎಲ್ಲಿಯೂ ಬರೆದಿರಲಿಲ್ಲ, ಆದರೆ ಎಮ್ಮೆಗಳಿಗೂ ಗೊತ್ತಿತ್ತು. ಮೇಲಿನ ದಿಣ್ಣೆಯಲ್ಲಿ ಐದು ಕುಂಬಾರರ ಮನೆ. ಅವರು ಮಡಕೆ ಸುಡುವ ಆವಿಗೆಯ ಹೊಗೆ ಬೆಳಿಗ್ಗೆ ನೀರಿನ ಮೇಲೆ ಹಾಸಿಕೊಂಡು ಮಲಗುತ್ತಿತ್ತು. ಕಟ್ಟೆಯ ಕೆಳಗೆ ತ್ಯಾಂಪಣ್ಣ ರೈಗಳ ಗದ್ದೆ, ಅದರಾಚೆ ಅವರ ಮನೆ. ಮದಕವೂ ಅವರದೇ.

ಕುಂಬಾರರಿಗೆ ಆ ಮದಕದಲ್ಲಿ ಒಂದೇ ಒಂದು ಜಾಗ. ಗದ್ದೆಗೆ ನೀರು ಬಿಡುವ ತೂಬಿನ ಎದುರು ಏಳು ಮಾರು ನೆಲ. ಏಪ್ರಿಲಿನ ಬಿಸು ಹಬ್ಬದ ಬೆಳಿಗ್ಗೆ ಕುಂಬಾರರ ಪರವಾಗಿ ಒಬ್ಬರು ಮೂರು ಹೊಸ ಮಡಕೆ ತಂದು ರೈಗಳ ಜಗಲಿಯಲ್ಲಿ ಇಡಬೇಕು. ರೈಗಳು ಅದನ್ನು ಒಳಗೆ ತೆಗೆದುಕೊಂಡರೆ ಅಪ್ಪಣೆ ಸಿಕ್ಕಿದ ಹಾಗೆ. ಅಷ್ಟು ಹೊತ್ತಿಗೆ ನೀರು ಇಳಿದು ತೂಬಿನ ಬಾಯಿಯಲ್ಲಿ ನುಣ್ಣನೆಯ ಬೂದು ಮಣ್ಣು ಕಾಣುತ್ತಿತ್ತು. ಮಳೆ ಹಿಡಿಯುವುದರೊಳಗೆ ವರ್ಷಕ್ಕೆ ಬೇಕಾದಷ್ಟನ್ನು ತೆಗೆದು ಮೇಲೆ ಹೊರಬೇಕು. ಹಾಗೆ ಮಡಕೆ ಒಯ್ಯುತ್ತಿದ್ದವಳು ಚೆನ್ನು. ಅವಳ ಗಂಡ ಚನಿಯಪ್ಪ ಚಕ್ರ ತಿರುಗಿಸುತ್ತಿದ್ದ. ಅವಳು ಬಡಿದು ಆಕಾರ ಕೊಡುತ್ತಿದ್ದಳು. ಚನಿಯಪ್ಪ ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ಇಬ್ಬರ ಪಾಲಿನ ಮಾತನ್ನೂ ಅವಳೇ ಆಡಿ ತೀರಿಸುತ್ತಿದ್ದಳು.

ಐವತ್ತಾರರ ಕೊನೆಗೆ ಒಂದು ದಿನ ರೈಗಳ ಚಾವಡಿಯಲ್ಲಿ ಮಜ್ಜಿಗೆ ಕುಡಿಯುತ್ತಾ ಕೂತಿದ್ದೆ. ನಾಲ್ಕು ಜನ ಇದ್ದರು. ನಾಲ್ಕು ಜನ ಇದ್ದಾಗ ನನ್ನ ನಾಲಿಗೆ ತಣ್ಣಗೆ ಕೂರುವುದಿಲ್ಲ.

"ರೈಗಳೇ, ನಿಮ್ಮ ಮದಕವನ್ನು ಮೊನ್ನೆ ಪುತ್ತೂರು ಸಂತೆಯಲ್ಲಿ ಕಂಡೆ" ಎಂದೆ.

"ಎಂತದು?"

"ವಾರಕ್ಕೆ ಒಂದು ಗಾಡಿಯ ಹಾಗೆ ಹೋಗ್ತಾ ಉಂಟಲ್ಲ, ಆ ಚೆನ್ನುವಿನ ಮಡಕೆ. ನಾನೇ ಸಾಗಿಸುದು. ಇನ್ನು ಹತ್ತು ವರ್ಷ ಹೋದ್ರೆ ನಿಮಗೆ ನೀರು ಮಾತ್ರ ಉಳೀತದೆ ಮಾರಾಯ್ರೆ, ಅದನ್ನು ನಿಲ್ಲಿಸ್ಲಿಕ್ಕೆ ಮದಕ ಇರುದಿಲ್ಲ."

ಎಲ್ಲರೂ ನಕ್ಕರು. ರೈಗಳೂ ನಕ್ಕರು. ಆದರೆ ಭೂಮಿ ಇದ್ದವರು ನಗುವಾಗಲೂ ಗಡಿ ನೋಡುತ್ತಿರುತ್ತಾರೆ ಎಂಬುದು ನನಗೆ ಹೊಳೆಯಲಿಲ್ಲ. ಆ ವರ್ಷ ಕಟ್ಟೆಯಲ್ಲಿ ಒಂದು ಕಡೆ ನೀರು ಜಿನುಗುತ್ತಿತ್ತಂತೆ.

ಮುಂದಿನ ಬಿಸುವಿಗೆ ಚೆನ್ನು ಮೂರು ಮಡಕೆ ತಂದು ಜಗಲಿಯಲ್ಲಿಟ್ಟಳು. ರೈಗಳು ಹೊರಗೆ ಬಂದರು, ನೋಡಿದರು, ಮುಟ್ಟದೆ ಒಳಗೆ ಹೋದರು. ಅವಳು ಅಂಗಳದ ಬದಿಯಲ್ಲಿ ಕೂತಳು. ಹಬ್ಬದ ಊಟದ ಪರಿಮಳ ಬಂತು, ಊಟ ಮುಗಿಯಿತು, ಎಲೆ ಹೊರಗೆ ಬಿತ್ತು. ಮಡಕೆಗಳು ಇಟ್ಟಲ್ಲೇ ಇದ್ದವು. ಮಧ್ಯಾಹ್ನ ದಾಟಿದ ಮೇಲೆ ಒಂದರ ಮೇಲೊಂದು ಏರಿಸಿ ತಲೆಯಲ್ಲಿಟ್ಟುಕೊಂಡು ಮನೆಗೆ ನಡೆದಳು. ಇದನ್ನು ನನಗೆ ಹೇಳಿದ್ದು ಅವಳೇ, ನಗುತ್ತಾ.

"ದಣಿಗಳಿಗೆ ಈಗ ತಾಮ್ರದ ಹಂಡೆ ಬಂದಿರ್ಬೇಕು ಸಾವ್ಕಾರ್ರೆ. ನಮ್ಮದು ಕಣ್ಣಿಗೆ ಹಿಡಿಯುದಿಲ್ಲ."

ಚಾವಡಿಯಲ್ಲಿ ಆಡಿದ ಮಾತು ನನಗೆ ನೆನಪಾಯಿತು. ಕ್ರಯದ ವಿಷಯ ಮಾತಾಡಿದೆ.

ಕುಂಬಾರರು ಹೊಳೆಬದಿಯ ಮಣ್ಣು ತಂದು ನೋಡಿದರು. ಅದರಲ್ಲಿ ಮರಳು ಹೆಚ್ಚು. ಆವಿಗೆಯಿಂದ ತೆಗೆಯುವಾಗಲೇ ಅರ್ಧ ಬಿರುಕು ಬಿಡುತ್ತಿತ್ತು. ಬಿರುಕಿನದ್ದನ್ನು ಮಾರಲು ಚೆನ್ನು ಒಪ್ಪಲಿಲ್ಲ. ಒಳಗಿನಿಂದ ಮಣ್ಣು ಮೆತ್ತಿದರೆ ಪುತ್ತೂರಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ ಎಂದು ನಾನೇ ಉಪಾಯ ಹೇಳಿಕೊಟ್ಟೆ. "ಒಲೆಗೆ ಗೊತ್ತಾಗ್ತದಲ್ಲ" ಎಂದಳು. ಎರಡನೇ ವರ್ಷ ಎರಡು ಕುಂಬಾರ ಮನೆಯವರು ಘಟ್ಟ ಹತ್ತಿ ಕಾಫಿ ತೋಟಕ್ಕೆ ಹೋದರು. ಮೂರನೇ ವರ್ಷ ಚನಿಯಪ್ಪನೂ ಮಂಗಳೂರಿನ ಹಂಚಿನ ಕಾರ್ಖಾನೆಗೆ ಮಣ್ಣು ತುಳಿಯಲು ಹೋದ.

"ಮಣ್ಣು ಬಿಟ್ಟವನಲ್ಲ ನೋಡಿ" ಎಂದಳು ಚೆನ್ನು. "ನನ್ನನ್ನು ಬಿಟ್ಟದ್ದು ಮಾತ್ರ."

ಅವಳು ಮರ್ಕಂಜದ ಕಡೆ ಅಡಿಕೆ ಸುಲಿಯಲು ಹೋಗತೊಡಗಿದಳು. ಚಕ್ರದ ಮೇಲೆ ಕೋಳಿ ಕಾವು ಕೂತಿತ್ತು. ಇನ್ನೊಂದು ವರ್ಷ ಹೀಗೇ ಹೋದರೆ ತಾನೂ ಮನೆಗೆ ಮುಳ್ಳು ಹಾಕಿ ಹೋಗುತ್ತೇನೆ ಎಂದಳು. ಈ ಸಲ ನಗಲಿಲ್ಲ.

ಅರುವತ್ತನೇ ಇಸವಿಯ ಫೆಬ್ರವರಿಯಲ್ಲಿ ಯಾರೂ ಕಂಡಿರದ ಒಂದು ಚೋದ್ಯ ಆಯಿತು. ಮದಕದಲ್ಲಿ ಎದೆಮಟ್ಟದ ನೀರು. ಕಟ್ಟೆಯ ಕೆಳಗೆ ರೈಗಳ ಗದ್ದೆ ಬಿರುಕು ಬಿಟ್ಟು ನಿಂತಿತ್ತು. ತೂಬಿನ ಬಾಯಿ ಕೆಸರಿನಿಂದ ಮುಚ್ಚಿಹೋಗಿತ್ತು. ಆಳುಗಳು ಬಿದಿರು ಹಾಕಿ ತಿವಿದರು, ಮುಳುಗಿ ಕೈಯಲ್ಲಿ ಬಗೆದರು. ಬಗೆದಷ್ಟೂ ಸುತ್ತಲಿನ ಕೆಸರು ಜಾರಿ ಬಂತು. ಮೂರನೇ ಬೆಳೆ ನೀರಿನ ಎದುರಿನಲ್ಲೇ ಒಣಗಿತು.

ಬಿಸುವಿಗೆ ನಾಲ್ಕು ದಿನ ಇರುವಾಗ ನಾನು ಗಾಡಿ ಕಟ್ಟಿಕೊಂಡು ಹೋಗಿದ್ದೆ. ನೀರು ತಾನಾಗಿಯೇ ಇಳಿದಿತ್ತು. ರೈಗಳು ಕೊಡೆ ಹಿಡಿದು ಕಟ್ಟೆಯ ಮೇಲೆ ನಿಂತು ಹನ್ನೆರಡು ಆಳುಗಳಿಂದ ತೂಬಿನ ಎದುರಿನ ಮಣ್ಣು ತೆಗೆಸುತ್ತಿದ್ದರು. ತೆಗೆದದ್ದನ್ನು ಅಲ್ಲೇ ದಡದಲ್ಲಿ ರಾಶಿ ಹಾಕುತ್ತಿದ್ದರು. ಅಡಿಕೆ ಸುಲಿದು ಬರುತ್ತಿದ್ದ ಚೆನ್ನು ದಾರಿಯಲ್ಲಿ ನಿಂತಳು.

"ದಣಿ, ಆ ರಾಶಿ ಮೊದಲ ಮಳೆಗೇ ಪುನಃ ಒಳಗೆ ಬರ್ತದೆ."

"ಮತ್ತೆ ಎಂತ ಮಾಡುದು? ತಲೆಯಲ್ಲಿ ಹೊತ್ಕೊಳ್ಳುದಾ?"

"ನಾವು ಹೊತ್ಕೊಂಡು ಹೋಗ್ತಿದ್ದೆವು" ಎಂದಳು ಚೆನ್ನು. "ಸುಟ್ಟು ಸಂತೆಗೆ ಕಳಿಸ್ತಿದ್ದೆವು. ಸುಟ್ಟ ಮಣ್ಣು ವಾಪಸು ಬರುದಿಲ್ಲ."

ಆಳುಗಳು ಗುದ್ದಲಿ ನಿಲ್ಲಿಸಿದರು. ರೈಗಳು ತೂಬನ್ನು ನೋಡಿದರು, ರಾಶಿಯನ್ನು ನೋಡಿದರು, ಒಣಗಿದ ಗದ್ದೆಯನ್ನು ನೋಡಿದರು. ಅಜ್ಜನ ಕಾಲದಿಂದ ಕುಂಬಾರರಿಗೆ ತಾವು ಉಪಕಾರ ಮಾಡುತ್ತಿದ್ದೇವೆ ಎಂದು ನಂಬಿದ ಮನೆ ಅದು. ಆ ನಂಬಿಕೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ನಿನಗೆ ಇದು ಗೊತ್ತಿತ್ತಾ? ಮೊದಲೇ ಹೇಳುದಲ್ವಾ ಮಾರಾಯ್ತಿ?"

"ನಾನು ಹೊಟ್ಟೆಪಾಡಿಗೆ ಮಣ್ಣು ತೆಗೆದದ್ದು ದಣಿ, ನಿಮ್ಮ ತೂಬಿಗೆ ಅಂತ ಅಲ್ಲ. ಅದು ಮುಚ್ಚಿದ ಮೇಲೆ ನನಗೂ ಗೊತ್ತಾದದ್ದು."

ರೈಗಳು ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿದರು. "ಬಿಸುವಿಗೆ ಮಡಕೆ ತಾ."

"ಮಣ್ಣು ಇಲ್ಲದೆ ಮಡಕೆ ಎಲ್ಲಿಂದ ತರುದು? ಮೂರು ವರ್ಷ ಆಯ್ತಲ್ಲ."

ಯಾರೋ ಒಬ್ಬ ಆಳು ಕಿಸಕ್ಕನೆ ನಕ್ಕ. ರೈಗಳು ಅವನನ್ನು ಗದರಲಿಲ್ಲ. "ಹಾಗಾದ್ರೆ ಮಡಕೆ ಆಮೇಲೆ. ಮಣ್ಣು ಇವತ್ತೇ ತೆಗಿ" ಎಂದರು.

ಚೆನ್ನು ಕೂಡಲೇ ಇಳಿಯಲಿಲ್ಲ. "ಒಂದು ಕೇಳ್ತೇನೆ ದಣಿ, ಸಿಟ್ಟು ಮಾಡ್ಬೇಡಿ. ಆವತ್ತು ಬೇಡ ಅಂತ ನಿಮಗೆ ಕಂಡದ್ದು ಯಾಕೆ? ಯಾರಾದ್ರೂ ಹೇಳಿದ್ದಾ?"

"ಯಾರೋ ಎಂತದೋ ಹೇಳಿದ್ದು. ಯಾರು ಅಂತ ಈಗ ನೆನಪಿಲ್ಲ."

ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಎತ್ತಿನ ಕೊರಳ ಹಗ್ಗ ಸರಿ ಇದ್ದರೂ ಅದನ್ನು ಮತ್ತೊಮ್ಮೆ ಬಿಚ್ಚಿ ಕಟ್ಟಿದೆ.

ಅವಳು ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದಳು. ಮುಷ್ಟಿಯಷ್ಟು ಮಣ್ಣು ತೆಗೆದು ಬೆರಳುಗಳ ನಡುವೆ ಹಿಸುಕಿ, ದಿಣ್ಣೆಯ ಮೇಲಿನ ಮನೆಗಳ ಕಡೆಗೆ ತಿರುಗಿ ಬುಟ್ಟಿ ತರಲು ಕೂಗು ಹಾಕಿದಳು. ಮಳೆಗಾಲಕ್ಕೆ ಚನಿಯಪ್ಪ ಬಂದ. ಘಟ್ಟ ಹತ್ತಿದ ಎರಡು ಮನೆಯವರು ಬರಲಿಲ್ಲ. ಅವರ ಗೋಡೆ ಈಗ ಕರಗಿದೆ.

ಇದಾಗಿ ಎಂಟು ವರ್ಷ. ಅಲ್ಯೂಮಿನಿಯಂ ಪಾತ್ರೆ ಬಂದ ಮೇಲೆ ಮಡಕೆಯ ವ್ಯಾಪಾರ ಅರ್ಧ ಆಗಿದೆ, ಆದರೂ ಸುಬ್ರಹ್ಮಣ್ಯದ ಹೋಟೆಲಿನವರು ಮೊಸರಿಗೆ ಅವಳದ್ದನ್ನೇ ಕೇಳುತ್ತಾರೆ. ತಿಂಗಳಿಗೊಮ್ಮೆ ನಾನು ಅವಳ ಅಂಗಳದಲ್ಲಿ ಕೂರುತ್ತೇನೆ. ಅವಳು ಬೆಲ್ಲ, ನೀರು ಕೊಡುತ್ತಾಳೆ, ಕ್ರಯಕ್ಕೆ ಜಗಳವಾಡುತ್ತಾಳೆ, ಆ ವರ್ಷಗಳ ಮಾತು ಬಂದಾಗ ಯಾರೋ ಹೇಳಿದ್ದಂತೆ ಎನ್ನುತ್ತಾಳೆ. ನಾನು ಹೌದಂತೆ ಎನ್ನುತ್ತೇನೆ. ಅವಳಿಗೆ ಓದಲು ಬರುವುದಿಲ್ಲ. ಹಾಗಾಗಿ ಇಲ್ಲಿ ಬರೆದದ್ದು ಅವಳಿಗೆ ಹೇಳಿದ ಹಾಗೆ ಆಗುವುದಿಲ್ಲ.

ಆ ಮಾತು ನನ್ನದು ಎಂದು ಅವಳ ಮುಖ ನೋಡಿ ಹೇಳುವುದನ್ನು ನಾನು ಚೆನ್ನುವಿಗೆ ಬಾಕಿ ಇಟ್ಟುಕೊಂಡಿದ್ದೇನೆ.