ಬಾಬಣ್ಣ ಹತ್ತಿದ ಕರೇ ಗಾಡಿ

ಬೆಟಗೇರಿಯಲ್ಲಿ ಕುಣಿಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದ ಬಾಬಣ್ಣನಿಗೆ ವಯಸ್ಸಾದ ಮೇಲೆ ಮರೆವು ಹತ್ತಿತು. ಮೊದಲು ಹೆಸರುಗಳು ಹೋದವು, ಆಮೇಲೆ ದಾರಿಗಳು. ಹಾಲು ತರಲು ಹೋದವನು ಒಂದು ದಿನ ಗದಗ ಸ್ಟೇಶನ್ನಿನ ಬೆಂಚಿನ ಮೇಲೆ ಸಿಕ್ಕ. ಅಂದಿನಿಂದ ಹೆಂಡತಿ ಅನ್ನವ್ವ ಅವನನ್ನು ಕಣ್ಣಳತೆ ದಾಟಗೊಡಲಿಲ್ಲ.

ಅನ್ನವ್ವ ಮದುವೆಯಾಗಿ ಬಂದಾಗಿನಿಂದ ಗಂಡನ ಪಕ್ಕದಲ್ಲೇ ಕೂತು ನೂಲಿನ ಕಂಡಿಕೆ ಸುತ್ತಿದವಳು. ಅವನ ಮಗ್ಗದ ಸದ್ದು ತಪ್ಪಿದರೆ ಅಡುಗೆಮನೆಯಿಂದಲೇ "ಎಳಿ ಹರೀತೇನ್ರಿ?" ಎಂದು ಕೇಳುತ್ತಿದ್ದಳು. ಮಗ್ಗ ನಿಂತುಹೋದ ಮೇಲೆ, ಮುಳಗುಂದ ರಸ್ತೆ ಕಡೆಯ ಹೊಸ ಬಡಾವಣೆಯಲ್ಲಿ ಮಗ ಸುನೀಲ ಕಟ್ಟಿಸಿದ ಮನೆಗೆ ಇಬ್ಬರೂ ಬಂದರು. ಅಲ್ಲಿ ಮನೆಗಳ ಬಾಗಿಲು ಸದಾ ಮುಚ್ಚಿರುತ್ತಿದ್ದವು. ಹೊರಗೆ ಕಾಣುತ್ತಿದ್ದದ್ದು ಗಾಡಿಗಳು ಮಾತ್ರ.

ಆ ಓಣಿಗೆ ಮೊದಲ ಕರೇ ಗಾಡಿ ತಂದವನು ಎದುರುಮನೆಯ ಅಂಬರೀಶ. ಗಾಳಿಯಂತ್ರದ ಕಂಪನಿಗಳಿಗೆ ಹೊಲ ಕೊಡಿಸುವುದು ಅವನ ವ್ಯವಹಾರ. ದೊಡ್ಡ ಗಾಡಿ, ಗಾಜಿಗೂ ಕಪ್ಪು ಹಾಳೆ. ಒಳಗೆ ಯಾರಿದ್ದಾರೆ, ಎಷ್ಟು ಜನ ಇದ್ದಾರೆ, ಒಂದೂ ತಿಳಿಯುತ್ತಿರಲಿಲ್ಲ. ಅದು ಓಣಿಯ ತಿರುವಿಗೆ ಬಂದರೆ ತಳ್ಳುಗಾಡಿಯವರು ಹೇಳದೆ ಕೇಳದೆ ಪಕ್ಕಕ್ಕೆ ಸರಿಯುತ್ತಿದ್ದರು. ಅದನ್ನು ನೋಡಿ ಪಕ್ಕದ ಮನೆಯ ವಕೀಲರೂ ಕರೇ ಗಾಡಿಯನ್ನೇ ತಂದರು. ಆಮೇಲೆ ಮೂಲೆಮನೆಯ ಮಾಸ್ತರರು. ಕೊನೆಗೆ ಸುನೀಲ ಕೂಡ.

"ಬ್ಯಾರೆ ಬಣ್ಣ ಸಿಗಲಿಲ್ಲೇನೋ?" ಎಂದು ಅನ್ನವ್ವ ಕೇಳಿದಳು.

"ಯವ್ವಾ, ಬಿಳೇ ಗಾಡ್ಯಾಗ ಹೋದ್ರ ಬಾಡಿಗಿ ಟ್ಯಾಕ್ಸಿ ಅಂತ ತಿಳ್ಕೊಂತಾರ. ಕರೇ ಗಾಡಿಯಿಂದ ಇಳದ್ರ ಕುರ್ಚಿ ಎಳದು ಕುಂಡ್ರಿ ಅಂತಾರ."

ಬಾಬಣ್ಣನಿಗೆ ಮಾತ್ರ ಆ ಗಾಡಿ ಭಾಳ ಸೇರಿತು. ಮಗ್ಗದ ಕುಣಿಗೆ ಇಳಿಯುವ ಮುಂದೆ ಮಾಡುತ್ತಿದ್ದಂತೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹತ್ತಿ, ಹಿಂದಿನ ಸೀಟಿನಲ್ಲಿ ಕಾಲು ಮುದುರಿಕೊಂಡು ಮಲಗುತ್ತಿದ್ದ. ಸುನೀಲ ನಗುತ್ತಿದ್ದ. ಆದರೆ ಒಂದು ಮುಂಜಾನೆ ಬಾಬಣ್ಣ ವಕೀಲರ ಗಾಡಿಯಲ್ಲಿ ಸಿಕ್ಕ. ವಾರ ಕಳೆಯುವುದರೊಳಗೆ ಮಾಸ್ತರರ ಗಾಡಿಯಲ್ಲಿ. ಅವರ ಹೆಂಡತಿ ಬಾಗಿಲು ತೆಗೆದವಳೇ ಚೀರಿ ಓಣಿಯನ್ನೆಲ್ಲ ಕೂಡಿಸಿದಳು. ಅಂಬರೀಶ ಹತ್ತಿರ ಬಂದು ಮೆಲ್ಲಗೆ ಹೇಳಿದ:

"ಅನ್ನವ್ವಾರ, ನಮಗ ಇವರ ಗುರ್ತೈತಿ, ಸುಮ್ಮನಿರತೀವಿ. ಬ್ಯಾರೆ ಯಾರರ ಆಗಿದ್ರ ಕಳ್ಳ ಅಂತ ಹೊಡದಿರ್ತಿದ್ರು. ನೋಡ್ಕೋರಿ."

"ನೋಡ್ಕೊಂತೀನೆಪಾ. ನೀವೂ ಅಷ್ಟ ಗಾಡಿಗೆ ಕೀಲಿ ಹಾಕ್ರಿ."

"ಮನಿ ಮುಂದ ನಿಂತ ಗಾಡಿಗೆ ಯಾತರ ಕೀಲಿರಿ?" ಎಂದು ನಕ್ಕು ಹೋದ.

ಅವತ್ತು ಅನ್ನವ್ವ ಹಳೆಯ ಸೀರೆಯ ಕೆಂಪು ಸೆರಗು ಹರಿದು ಮಗನ ಗಾಡಿಯ ಹಿಡಿಕೆಗೆ ಕಟ್ಟಿದಳು. ಬಾಬಣ್ಣನ ಕೈ ಹಿಡಿದು ಅದನ್ನು ಮುಟ್ಟಿಸಿ, "ಕೆಂಪ ಇದ್ರ ನಮ್ಮದು. ಇಲ್ಲಂದ್ರ ಹತ್ತಬ್ಯಾಡ್ರಿ" ಎಂದು ಮಗುವಿಗೆ ಹೇಳುವ ಹಾಗೆ ಹೇಳಿದಳು. ಹೆಸರುಗಳನ್ನು ಮರೆತವನು ಬಣ್ಣವನ್ನು ಮರೆತಿರಲಿಲ್ಲ. ಸ್ವಲ್ಪ ಕಾಲ ಎಲ್ಲ ಸರಿಯಾಗಿತ್ತು. ಆದರೂ ಮುಂಜಾನೆ ಬಾಗಿಲು ತೆರೆದು, ಎದುರಿಗೆ ಸಾಲಾಗಿ ನಿಂತ ಆ ಕಪ್ಪು ಗಾಜುಗಳನ್ನು ಕಂಡಾಗಲೆಲ್ಲ ಅವಳು ಒಳಗೆ ಹೋಗಿ ಗಂಡ ಹಾಸಿಗೆಯಲ್ಲಿದ್ದಾನೆಯೇ ಎಂದು ನೋಡಿ ಬರುತ್ತಿದ್ದಳು.

ಏಪ್ರಿಲ್ ತಿಂಗಳಲ್ಲಿ ಸುನೀಲ ತನ್ನ ಕಂಪನಿಯ ದೊಡ್ಡ ಸಾಹೇಬರನ್ನು ಕರೆತರಲು ಹುಬ್ಬಳ್ಳಿಗೆ ಹೊರಟ. "ಇದೇನು ಚಿಂದಿ ಅಂತ ಅವ್ರು ನಗತಾರ" ಎಂದು ಹಿಡಿಕೆಯ ಕೆಂಪು ಬಟ್ಟೆ ಬಿಚ್ಚಿ ಕಂಪೌಂಡಿನ ಮೇಲಿಟ್ಟು ಹೋದ. ಅನ್ನವ್ವ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಗಾಡಿ ಹೋದ ಸದ್ದು ಕೇಳಿತು. ಇನ್ನೊಂದು ಗಾಡಿ ಹೋದ ಸದ್ದೂ ಕೇಳಿತು. ಕೈ ಒರೆಸಿಕೊಂಡು ಒಳಗೆ ಬಂದರೆ ಬಾಬಣ್ಣ ಇರಲಿಲ್ಲ.

"ರೋಹಿಣೀ, ಮಾವ ಎಲ್ಲಿ?"

ಸೊಸೆ ರೋಹಿಣಿ ಮಾಳಿಗೆಯಿಂದ ಓಡಿ ಬಂದಳು. ಅವಳು ರಸ್ತೆಯ ತನಕ ಹೋದಳು. ಅನ್ನವ್ವ ಗಾಡಿಯಿಂದ ಗಾಡಿಗೆ ಹೋದಳು. ಒಂದೊಂದರ ಗಾಜಿಗೂ ಎರಡು ಅಂಗೈ ಒತ್ತಿ, ನಡುವೆ ಮುಖ ಇಟ್ಟು ಇಣುಕಿದಳು. ಆಗಲೇ ಬಿಸಿಲಿಗೆ ಗಾಜು ಕಾದು ಕೈ ಚುರುಗುಟ್ಟುತ್ತಿತ್ತು. ಪ್ರತಿ ಗಾಜಿನಲ್ಲೂ ಅವಳಿಗೆ ಕಂಡದ್ದು ಅವಳದೇ ಮುಖ. "ಗಾಜ ಮುಟ್ಟಬ್ಯಾಡ್ರಿ, ಈಗ ಒರಸೇವಿ" ಎಂದು ಯಾರೋ ಮೇಲಿನಿಂದ ಕೂಗಿದರು.

ಅಂಬರೀಶನ ಮನೆ ಮುಂದೆ ಗಾಡಿ ತೊಳೆದ ನೀರು ಇನ್ನೂ ಆರಿರಲಿಲ್ಲ. ಗಾಡಿ ಇರಲಿಲ್ಲ. ಹಸಿ ನೆಲದ ಮೇಲೆ ಬಾಬಣ್ಣನ ಚಪ್ಪಲಿಗಳು ಜೋಡಿಯಾಗಿ ಇದ್ದವು.

ಅನ್ನವ್ವ ಸೊಸೆಯನ್ನು ಕೂಗಿದಳು. ರೋಹಿಣಿ ನೋಡಿದವಳೇ ಅಂಬರೀಶನಿಗೆ ಫೋನ್ ಹಚ್ಚಿದಳು. ಬಹಳ ಹೊತ್ತು ಬಿಜಿ ಬಂತು, ಆಮೇಲೆ ಬಾರಿಸಿದರೂ ಎತ್ತಲಿಲ್ಲ. ಅವನ ಹೆಂಡತಿ ಹೊರಬಂದು, "ಲಕ್ಷ್ಮೇಶ್ವರಕ್ಕ ಹೊಲದ ರಿಜಿಸ್ಟರ್‌ಗೆ ಹೋಗ್ಯಾರ್ರಿ. ಅಲ್ಲಿ ಫೋನ್ ಸೈಲೆಂಟ್ ಇಟ್ಟಿರ್ತಾರ" ಎಂದಳು. ಹಾಗೆನ್ನುತ್ತ ಚಪ್ಪಲಿ ಕಂಡವಳೇ ತಾನೂ ಗಂಡನಿಗೆ ಫೋನ್ ಹಚ್ಚತೊಡಗಿದಳು.

ಅಷ್ಟರಲ್ಲಿ ಅಂಬರೀಶ ಲಕ್ಷ್ಮೇಶ್ವರದಲ್ಲಿ ಗಾಡಿ ನಿಲ್ಲಿಸಿ, ಕೀಲಿ ಒತ್ತಿ ಕಚೇರಿಯೊಳಗೆ ಹೋಗಿಯಾಗಿತ್ತು. ದಾರಿಯುದ್ದಕ್ಕೂ ಫೋನಿನಲ್ಲಿ ಮಾತಾಡುತ್ತ ಬಂದವನು ಹಿಂದೆ ತಿರುಗಿ ನೋಡಿರಲಿಲ್ಲ. ಎಲ್ಲೂ ಕೆಂಪು ಕಾಣದೆ, ಕೀಲಿ ಹಾಕದ ಆ ಗಾಡಿಯನ್ನೇ ಹತ್ತಿ ಮಲಗಿದ್ದ ಬಾಬಣ್ಣ ಎಸಿಯ ತಂಪಿಗೆ ಗಾಢ ನಿದ್ದೆಯಲ್ಲಿದ್ದ. ಮಕ್ಕಳು ತೆಗೆಯಬಾರದೆಂದು ಹಿಂದಿನ ಬಾಗಿಲುಗಳನ್ನು ಒಳಗಿನಿಂದ ತೆರೆಯದಂತೆ ಅಂಬರೀಶ ಮಾಡಿಸಿದ್ದ.

ಪಕ್ಕದಲ್ಲಿ ಶಫೀಕನ ಕಬ್ಬಿನ ಹಾಲಿನ ಗಾಡಿ ಇತ್ತು. ಮೊದಲು ಅವನಿಗೆ ಕೇಳಿದ್ದು ಸಣ್ಣ ಬಡಿತ. ಆಮೇಲೆ ಮುಂದಿನ ಗಾಜಿನ ಹಿಂದೆ, ಸೀಟುಗಳ ನಡುವಿನಿಂದ ಒಂದು ಕೈ ಮೇಲೆದ್ದು ಕೆಳಗೆ ಬಿತ್ತು.

"ಯಾರೋ ಅದಾರ್ರಿ ಒಳಗ!"

ಜನ ಕೂಡಿದರು. ಯಾರೂ ಗಾಡಿ ಮುಟ್ಟಲಿಲ್ಲ. "ದೊಡ್ಡ ಮಂದಿ ಗಾಡಿ ಐತಿ, ಒಡದ್ರ ನಾಳೆ ಇಲ್ಲಿ ನಿಂದರಾಕ ಬಿಡಂಗಿಲ್ಲ" ಎಂದು ಒಬ್ಬ ಎಚ್ಚರಿಸಿದ. ಇನ್ನೊಬ್ಬ ಕಚೇರಿಯೊಳಗೆ ಹೋಗಿ ಯಾರ ಗಾಡಿ ಎಂದು ಕೇಳಿದ. ಹೊರಗೆ ಅಂಥ ಕರೇ ಗಾಡಿ ಬಹಳ ನಿಂತಿದ್ದವು, ಒಳಗಿದ್ದವರೆಲ್ಲ ಇನ್ನೊಬ್ಬರದಿರಬೇಕು ಎಂದುಕೊಂಡು ಕಾಗದಕ್ಕೆ ಸಹಿ ಹಾಕುತ್ತಲೇ ಇದ್ದರು. ಶಫೀಕ ಕಬ್ಬಿಣದ ರಾಡು ಕೈಯಲ್ಲಿ ಹಿಡಿದು ನಿಂತೇ ಇದ್ದ. ಬಡಿತ ನಿಂತುಹೋಯಿತು. ಆಗ ಅವನು ಕಣ್ಣು ಮುಚ್ಚಿ ಗಾಜಿಗೆ ಹೊಡೆದ.

ಬಾಬಣ್ಣ ಸಾಯಲಿಲ್ಲ. ಗದಗಿನ ಆಸ್ಪತ್ರೆಯಲ್ಲಿ ಬಹಳ ದಿನ ಇದ್ದು ಮನೆಗೆ ಬಂದ. ಮಾತು ಹೋಗಿತ್ತು, ಕಾಲಿಗೆ ಶಕ್ತಿ ಇರಲಿಲ್ಲ. ಅನ್ನವ್ವ ಗಂಜಿ ಕುಡಿಸುವಾಗ ಅವಳನ್ನು ಎಲ್ಲಿಯೋ ಕಂಡಂತೆ ನೋಡುತ್ತಿದ್ದ. ಸುನೀಲ ತಾಯಿಯ ಎದುರು ಕೂತು ಉಣ್ಣುವುದನ್ನು ಬಿಟ್ಟ. ಅಂಬರೀಶ ಒಮ್ಮೆ ಬಂದು, "ನಾ ಕರಕೊಂಡು ಹೋಗಿದ್ದಲ್ರಿ, ತಾವ ಹತ್ಯಾರ" ಎಂದ. ಅದು ಖರೆಯೇ ಆಗಿತ್ತು. ಅನ್ನವ್ವ ಅವನಿಗೆ ನೀರು ಕೊಟ್ಟಳು. ಅದೇ ತಿಂಗಳು ಓಣಿಯ ಕೊನೆಯ ಮನೆಗೆ ಮತ್ತೊಂದು ಕರೇ ಗಾಡಿ ಬಂತು. ಪೇಢೆ ಹಂಚಿದರು.

ಮಳೆಗಾಲ ಶುರುವಾದ ಮೇಲೆ ಅನ್ನವ್ವ ಬಸ್ಸು ಹಿಡಿದು ಒಬ್ಬಳೇ ಲಕ್ಷ್ಮೇಶ್ವರಕ್ಕೆ ಹೋದಳು. ಶಫೀಕನನ್ನು ಹುಡುಕಿ ಕೈಮುಗಿದಳು. ಅವನು ಗಾಬರಿಯಾಗಿ ಅವಳ ಕೈ ಬಿಡಿಸಿ ಸ್ಟೂಲು ಹಾಕಿದ.

"ಅಜ್ಜಾರು ಆರಾಮ ಅದಾರೇನ್ರಿ?"

"ಅದಾರಪಾ. ಉಸಿರಾಡ್ತಾರ."

ಶಫೀಕ ತಲೆ ತಗ್ಗಿಸಿ ಲೋಟ ತೊಳೆಯತೊಡಗಿದ. ಆಗ ರಸ್ತೆಯಂಚಿಗೆ ಒಂದು ಕರೇ ಗಾಡಿ ಬಂದು ನಿಂತು ಹಾರ್ನ್ ಹೊಡೆಯಿತು. ಗಾಜು ಇಳಿಯಲಿಲ್ಲ. ಒಳಗೆ ಎಷ್ಟು ಮಂದಿ ಇದ್ದಾರೆಂದು ತಿಳಿಯದೆ ಶಫೀಕ ಲೋಟ ಹಿಡಿದು ನಿಂತ. ಹಾರ್ನ್ ಮತ್ತೆ ಕೂಗಿತು. ಅನ್ನವ್ವ ಸ್ಟೂಲಿನಿಂದ ಎದ್ದು, ಸೆರಗು ಬಿಗಿದುಕೊಂಡು, ಅಂಗೈ ಒತ್ತಿ ಒಳಗೆ ಇಣುಕಲು ಗಾಡಿಯ ಹಿಂದಿನ ಗಾಜಿನ ಕಡೆಗೆ ನಡೆದಳು.