ಹೆಣಗಳ ಊರಿನಲ್ಲಿ ಮುಯ್ಯಿ

ಸಾಗರದಲ್ಲಿ ನನ್ನದೊಂದು ಸಣ್ಣ ಸ್ಟೇಷನರಿ ಅಂಗಡಿ ಇದೆ. ನೋಟ್‌ಬುಕ್ಕು, ಪೆನ್ನು, ಹುಟ್ಟುಹಬ್ಬದ ಬಲೂನು, ಮಕ್ಕಳ ಆಟಿಕೆ, ಇಷ್ಟೇ ವ್ಯಾಪಾರ. ಒಂದು ಸಲ ಆಟಿಕೆಯ ಬಂಡಲಿನ ಜೊತೆ ನಾನು ಕೇಳದೇ ಇದ್ದ ಬೋರ್ಡ್ ಗೇಮಿನ ದೊಡ್ಡದೊಂದು ಡಬ್ಬಿ ಬಂತು. ಮುಚ್ಚಳದ ಮೇಲೆ ಕೋಟೆ, ಬೆಂಕಿ, ಬಾಯಿ ತೆರೆದುಕೊಂಡು ಎದ್ದು ಬರುತ್ತಿರುವ ಹೆಣಗಳ ಸಾಲು. ವಾಪಸ್ ಕಳಿಸಲು ಸೋಮಾರಿತನವಾಗಿ ಶೋಕೇಸಿನಲ್ಲಿಟ್ಟೆ. ಮಕ್ಕಳು ಅದಕ್ಕೆ ಕೈ ಚಾಚುವುದು, ಅಮ್ಮಂದಿರು ಹೌಹಾರಿ ಅವರನ್ನು ಹಿಂದಕ್ಕೆಳೆಯುವುದು, ಇದೇ ಆಯಿತು. ಒಬ್ಬರಂತೂ ಇದರಲ್ಲಿ ಚೌಡಿ, ದೆವ್ವ ಗಿವ್ವ ಏನೂ ಇಲ್ಲ ತಾನೆ ಎಂದು ದನಿ ತಗ್ಗಿಸಿ ಕೇಳಿದರು. ಧೂಳು ಒರೆಸಿ ಒರೆಸಿ ಸಾಕಾಗಿ, ಒಂದು ಭಾನುವಾರ ಅದನ್ನು ಚೀಲಕ್ಕೆ ತುರುಕಿಕೊಂಡು ಹೊಸನಗರದ ಬಸ್ಸು ಹತ್ತಿದೆ.

ನಾವು ಮೂವರು ಗೆಳತಿಯರು. ಕಾಲೇಜು ಓದುವಾಗ ಸಾಗರದ ಹಾಸ್ಟೆಲಿನಲ್ಲಿ ಒಂದೇ ರೂಮಿನಲ್ಲಿದ್ದವರು. ಒಬ್ಬಳು ಈಗ ಹೊಸನಗರದಲ್ಲಿ ಟೀಚರು. ಮಾತು ಕಡಿಮೆ, ತಾಳ್ಮೆ ಜಾಸ್ತಿ. ಇನ್ನೊಬ್ಬಳದು ತೀರ್ಥಹಳ್ಳಿಯಿಂದ ಮಂಡಗದ್ದೆಗೆ ಹೋಗುವ ದಾರಿಯ ಒಂದು ಊರು. ಅಲ್ಲಿ ಅವಳಿಗೆ ಒಂದಿಷ್ಟು ಭತ್ತದ ಗದ್ದೆ ಇದೆ, ಟೆಂಪೋ ಓಡಿಸುವ ಗಂಡ ಇದ್ದಾನೆ. ನನಗೂ ಅವಳಿಗೂ ಹೊಸನಗರ ನಡುದಾರಿ. ಹಾಗಾಗಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಒಂದು ಬೇಕರಿಯ ಮಹಡಿಯ ಮೇಲಿರುವ ಟೀಚರ ಬಾಡಿಗೆ ಮನೆಯೇ ನಮಗೆ ಸೇರುವ ಜಾಗ. ಕೆಳಗೆ ಬನ್ನು ಬೇಯುವ ಹೊತ್ತಿಗೆ ಮೇಲೆ ನಮಗೆ ಹಸಿವಾಗುತ್ತದೆ.

ಆವತ್ತು ಹಾಸಿಗೆಯ ಮೇಲೆ ಚಾದರ ಹಾಸಿ ಆಟದ ಹಲಗೆಗಳನ್ನು ಜೋಡಿಸಿದೆವು. ಹಳೇ ಕಾಲದ ಒಂದು ಊರು. ಯಾವನೋ ದುಷ್ಟ ಮಾಂತ್ರಿಕ ಸತ್ತವರನ್ನೆಲ್ಲ ಎಬ್ಬಿಸಿ ಬೀದಿಗೆ ಬಿಟ್ಟಿದ್ದಾನೆ. ನಾವು ಹೊಡೆದಾಡುತ್ತ ಊರ ಹೆಬ್ಬಾಗಿಲು ದಾಟಬೇಕು. ಒಬ್ಬರ ವಿರುದ್ಧ ಒಬ್ಬರು ಆಡುವಂತಿಲ್ಲ, ಮೂವರೂ ಒಂದೇ ಕಡೆ. ಗೆದ್ದರೆ ಎಲ್ಲರೂ ಗೆದ್ದಂತೆ. ಒಬ್ಬರು ಸತ್ತರೂ ಎಲ್ಲರೂ ಸೋತಂತೆ. ಸಿಡುಕಿ ಎಂದು ನನಗೆ ಮಾಟಗಾತಿಯ ಗೊಂಬೆ ಕೊಟ್ಟರು. ಟೀಚರು ಬಿಲ್ಲುಗಾರ್ತಿಯಾದಳು. ತೀರ್ಥಹಳ್ಳಿಯವಳು ಕೊಡಲಿ ಹಿಡಿದ ಗಡ್ಡದ ಕುಳ್ಳನನ್ನು ಎತ್ತಿಕೊಂಡಳು. ಅವನ ಕೊಡಲಿ ತಮ್ಮನೆಯ ಸೌದೆ ಕೊಡಲಿಯ ಹಾಗೇ ಇದೆಯಂತೆ.

ಇಂಗ್ಲಿಷಿನ ನಿಯಮಗಳನ್ನೆಲ್ಲ ಟೀಚರು ಓದಿ ಹೇಳಿದಳು. ತೀರ್ಥಹಳ್ಳಿಯವಳು ಗಮನವಿಟ್ಟು ಕೇಳಿ, ಇದು ಮುಯ್ಯಿ ಅಲ್ಲದೆ ಇನ್ನೇನು ಎಂದಳು. ನೆಟ್ಟಿಯ ಕಾಲದಲ್ಲಿ ಅವಳ ಊರಿನಲ್ಲಿ ಕೆಲಸ ನಡೆಯುವುದು ಮುಯ್ಯಿಯ ಮೇಲೆ. ಇವತ್ತು ನಾನು ನಿಮ್ಮನ್ನು ಸಸಿ ನೆಡಲು ಕರೆದರೆ, ನಾಳೆ ನಿಮ್ಮ ಗದ್ದೆಗೆ ನಾನು ಬರಲೇಬೇಕು. ದುಡ್ಡಿನ ಮಾತಿಲ್ಲ. ದುಡಿಮೆಗೆ ದುಡಿಮೆ. ಟೀಚರ ಅಪ್ಪನ ಮನೆಯಲ್ಲೂ ನಮ್ಮ ಮನೆಯಲ್ಲೂ ಒಂದು ಕಾಲಕ್ಕೆ ಹಾಗೇ ಇತ್ತು, ಹಾಗಾಗಿ ನಾವೂ ತಲೆಯಾಡಿಸಿದೆವು. ಅಳಗುಳಿ ಮಣೆಯ ಹುಣಸೆ ಬೀಜಗಳು ಹೊರಗೆ ಬಂದವು. ನಿನ್ನನ್ನು ನಾನು ಹೆಣದ ಬಾಯಿಂದ ಬಿಡಿಸಿದರೆ ನೀನು ನನ್ನ ಮುಂದೆ ಒಂದು ಬೀಜ ಇಡಬೇಕು; ಮುಂದೆ ಯಾವಾಗಲಾದರೂ ನೀನು ನನ್ನನ್ನು ಬಿಡಿಸಿ ಅದನ್ನು ವಾಪಸ್ ತೆಗೆದುಕೊಳ್ಳಬೇಕು. ಆ ಆಟ ಮಾಡಿದವರು ಇದನ್ನು ನೋಡಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು.

ಏಕೆಂದರೆ ಈ ಬೀಜಗಳ ದೆಸೆಯಿಂದ ನಾವು ಸೋತದ್ದೇ ಸೋತದ್ದು. ಹೆಬ್ಬಾಗಿಲು ಕಣ್ಣೆದುರೇ ಇರುತ್ತಿತ್ತು. ಇನ್ನೊಂದೇ ಹೆಜ್ಜೆ ಇಟ್ಟರೆ ಗೆದ್ದೆವು ಎನ್ನುವಾಗ ತೀರ್ಥಹಳ್ಳಿಯವಳಿಗೆ ನನ್ನ ಮುಂದಿರುವ ತನ್ನ ಬೀಜ ಕಾಣುತ್ತಿತ್ತು. ಮುಯ್ಯಿ ಉಳಿಸಿಕೊಂಡು ಊರು ಬಿಡುವುದುಂಟೆ? ಕುಳ್ಳನನ್ನು ತಿರುಗಿಸಿ, ನನ್ನ ಮಾಟಗಾತಿಯ ಪಕ್ಕ ಯಾರಿಗೂ ತೊಂದರೆ ಕೊಡದೆ ನಿಂತಿರುವ ಬಡಪಾಯಿ ಹೆಣವೊಂದನ್ನು ಹುಡುಕಿ ಕೊಚ್ಚಿ ಹಾಕಿ, ತನ್ನ ಬೀಜ ಎತ್ತಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಹಿಂದಿನಿಂದ ಹಿಂಡು ಬಂದು ನಮ್ಮನ್ನೆಲ್ಲ ಮುಕ್ಕಿರುತ್ತಿತ್ತು. ನನಗೆ ಸೋಲು ಆಗಿಬರುವುದಿಲ್ಲ. ಕೂಗಾಡುತ್ತಿದ್ದೆ, ಇನ್ನು ನಿನ್ನ ಜೊತೆ ಆಡಿದರೆ ಕೇಳು ಎಂದು ಚಪ್ಪಲಿ ಮೆಟ್ಟುತ್ತಿದ್ದೆ. ಟೀಚರು ಸುಮ್ಮನೆ ಕೆಳಗೆ ಹೋಗಿ ಬಿಸಿ ಬನ್ನು ತರುತ್ತಿದ್ದಳು. ಬನ್ನು ತಿನ್ನುವುದಕ್ಕಾದರೂ ನಾನು ಚಪ್ಪಲಿ ಬಿಚ್ಚಲೇಬೇಕಾಗುತ್ತಿತ್ತು.

ಹೀಗೆ ನಡೆದಿತ್ತು. ಆಮೇಲೆ ಒಂದು ಚಳಿಗಾಲದ ಬೆಳಿಗ್ಗೆ ತೀರ್ಥಹಳ್ಳಿಯವಳಿಗೆ ಸ್ಟ್ರೋಕ್ ಆಯಿತು. ನಮ್ಮ ವಯಸ್ಸಿಗೂ ಇದು ಬರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಆಸ್ಪತ್ರೆಯಲ್ಲಿ ಅವಳನ್ನು ನೋಡಿದಾಗ, ಬೈಯಲು ಯಾರೂ ಸಿಗದೆ ಲಿಫ್ಟಿನವನಿಗೆ ಬೈದೆ. ಬದುಕಿದಳು. ನಡಿಗೆ ಬಂತು, ಮಾತು ಬಂತು. ಎಡಗೈ ಮಾತ್ರ ಬರಲಿಲ್ಲ. ತೋಳು ಒಂದಿಷ್ಟು ಎತ್ತುತ್ತಾಳೆ, ಬೆರಳುಗಳು ಏನನ್ನೂ ಹಿಡಿಯುವುದಿಲ್ಲ.

ಬೇಸಿಗೆ ಕಳೆಯುವ ಹೊತ್ತಿಗೆ ಅವಳು ಮತ್ತೆ ಹೊಸನಗರಕ್ಕೆ ಬಂದಳು. ಗಂಡ ಟೆಂಪೋದಲ್ಲಿ ತಂದು ಬಿಟ್ಟು ಹೋದ. ಆಟದ ಚೀಟಿಗಳನ್ನು ಹಿಡಿಯಲು ಕೈಯಿಲ್ಲವೆಂದು ಟೀಚರು ಅವನ್ನು ಬಟ್ಟೆ ಕ್ಲಿಪ್ಪಿನಿಂದ ರಟ್ಟಿಗೆ ಸಿಕ್ಕಿಸಿ ಅವಳ ಮುಂದೆ ನಿಲ್ಲಿಸಿದ್ದಳು. ದಾಳ ಹಾಕಲು ಬಲಗೈ ಇತ್ತಲ್ಲ. ಆದರೆ ಅವಳ ಕುಳ್ಳ ಮೊದಲಿನ ಕುಳ್ಳನಾಗಿರಲಿಲ್ಲ. ಒಂದು ಮನೆಯ ಮೂಲೆ ಹಿಡಿದು ನಿಂತುಬಿಟ್ಟ. ಹೆಣಗಳು ಬಾಗಿಲಿಗೆ ಬಂದವು. ನಾವಿಬ್ಬರೂ ಹೋಗಿ ಬಿಡಿಸಿದೆವು. ಅವಳು ಒಂದೊಂದು ಬೀಜ ಇಟ್ಟಳು. ಮತ್ತೆ ಬಂದವು, ಮತ್ತೆ ಬಿಡಿಸಿದೆವು, ಮತ್ತೆ ಇಟ್ಟಳು. ನಮ್ಮ ಮುಂದೆ ಬೀಜಗಳು ಗುಡ್ಡೆಯಾಗುತ್ತಿದ್ದವು. ಅವಳು ಹಲಗೆ ನೋಡುತ್ತಿರಲಿಲ್ಲ, ಬೀಜ ನೋಡುತ್ತಿದ್ದಳು.

ಕೊನೆಗೆ ಕುಳ್ಳನನ್ನು ತಾನೇ ಎತ್ತಿ ಹೆಣಗಳ ಹಿಂಡಿನ ನಡುವೆ ಇಟ್ಟಳು.

“ನನ್ನ ಬಿಟ್ಟು ನೀವಿಬ್ರು ಹೋಗಿ.”

ಒಬ್ಬರು ಸತ್ತರೆ ಎಲ್ಲರೂ ಸೋತಂತೆ ಎಂದು ಮರೆತೆಯಾ ಎಂದು ನಾನು ರೇಗಿದೆ. ಆಗ ಅವಳು ಹೇಳಿದ್ದು ಆಟದ ವಿಷಯವಾಗಿರಲಿಲ್ಲ.

“ಗದ್ದೆ ಈ ವರ್ಷ ಬೀಳು ಬಿಡ್ತೀನಿ ಕಣ್ರೇ. ಸಸಿ ಹಿಡಿಯಕ್ಕೆ ಕೈ ಇಲ್ಲ. ನಾಳೆ ಅವ್ರ ಗದ್ದೆಗೆ ಹೋಗಕ್ಕೆ ಆಗ್ದಿರೋಳು ಯಾವ ಮುಖ ಇಟ್ಕಂಡು ಮುಯ್ಯಿಗೆ ಕರೀಲಿ?”

ಆ ಗದ್ದೆ ಅವಳಿಗೆ ಏನೆಂದು ನಮಗೆ ಗೊತ್ತು. ಅವಳ ಅಜ್ಜ ಬೇರೆಯವರ ಭೂಮಿಯನ್ನು ಗೇಣಿಗೆ ಮಾಡುತ್ತಿದ್ದವರು. ಉಳುವವನಿಗೇ ಭೂಮಿ ಎಂದಾದಾಗ ಡಿಕ್ಲರೇಷನ್ ಹಾಕಿ ಪಡೆದ ಗದ್ದೆ ಅದು. ಅಲ್ಲಿಂದ ಈಚೆಗೆ ಒಂದು ಮಳೆಗಾಲವೂ ಅದು ಖಾಲಿ ಬಿದ್ದದ್ದಿಲ್ಲ. ಸುತ್ತಲಿನ ಗದ್ದೆಗಳೆಲ್ಲ ಒಂದೊಂದಾಗಿ ಅಡಿಕೆ ತೋಟವಾದರೂ ಇವಳು ಮಾತ್ರ ಭತ್ತ ಬಿಡಲಿಲ್ಲ. ಕೂಲಿಗೆ ಜನ ಕರೆಸು ಎಂದರೆ, ನೆಟ್ಟಿಯ ಸಮಯಕ್ಕೆ ಕೂಲಿಗೆ ಯಾರು ಸಿಗುತ್ತಾರೆ ಎಂದಳು. ಆದರೂ ಸಸಿಮಡಿ ಮಾಡಿ ಬೀಜ ಬಿತ್ತಿದ್ದಳಂತೆ, ಒಂದೇ ಕೈಯಲ್ಲಿ. ಯಾಕೆ ಬಿತ್ತಿದೆ ಎಂದೆ. ಸಸಿ ಎದ್ದ ಮೇಲೆ ಬೇಕಾದವರಿಗೆ ಕೊಟ್ಟುಬಿಡುತ್ತೇನೆ ಎಂದಳು. ಆವತ್ತು ಬನ್ನು ಹಾಗೇ ತಣ್ಣಗಾಯಿತು.

ಅವಳು ಹೋದ ಮೇಲೆ ಟೀಚರೂ ನಾನೂ ಹಲಗೆಗಳನ್ನು ಡಬ್ಬಿಗೆ ತುಂಬಿದೆವು. ನನಗೆ ಅಳು ಬರುತ್ತಿತ್ತು, ಅದನ್ನು ಸಿಟ್ಟು ಮಾಡಿಕೊಂಡು ಹುಣಸೆ ಬೀಜಗಳನ್ನೆಲ್ಲ ಕಿಟಕಿಯಿಂದಾಚೆ ಎಸೆಯಲು ಹೊರಟೆ. ಟೀಚರು ಕೈ ಹಿಡಿದಳು. ಬೀಜದ ತಪ್ಪೇನು, ಅವಳ ಗಂಡನಿಗೆ ಫೋನು ಮಾಡು ಎಂದಳು. ಮಾಡಿದೆ. ಅವನು ಗದ್ದೆಗೆ ಆಗಲೇ ಟಿಲ್ಲರ್ ಹೊಡೆಸಿಟ್ಟು, ಅದಕ್ಕಾಗಿ ಹೆಂಡತಿಯಿಂದ ಬೈಸಿಕೊಂಡಿದ್ದ. ಸಸಿ ನೆಡುವ ಹದಕ್ಕೆ ಬಂದ ದಿನ ತಿಳಿಸುತ್ತೇನೆ, ಅವಳಿಗೆ ಮಾತ್ರ ಹೇಳಬೇಡಿ ಎಂದ.

ಅವನು ತಿಳಿಸಿದ ಭಾನುವಾರ ನಾವಿಬ್ಬರೂ ತೀರ್ಥಹಳ್ಳಿಯಲ್ಲಿ ಇಳಿದು, ಅಲ್ಲಿಂದ ಅವನ ಟೆಂಪೋದಲ್ಲೇ ಊರು ಸೇರಿದೆವು. ಅವಳು ಬಾಗಿಲಲ್ಲಿ ನಿಂತು ನಮ್ಮನ್ನು ನೋಡಿದಳು. ನಾವು ಹಾಕಿಕೊಂಡಿದ್ದ ಹಳೇ ನೈಟಿ, ಅದರ ಮೇಲಿನ ಗಂಡಸರ ಅಂಗಿ ನೋಡಿದಳು. ಯಾಕೆ ಬಂದಿದ್ದೇವೆಂದು ಅರ್ಥವಾಗಿ ಮುಖ ಬಿಗಿಯಿತು. ಚಹಾ ಕುಡಿದುಕೊಂಡು ಬಂದ ದಾರಿಯಲ್ಲೇ ಹೋಗಿ ಎಂದಳು. ನಾನೂ ಏನು ಕಡಿಮೆಯೇ? ಚಹಾ ಆಮೇಲೆ ಕುಡಿಯುತ್ತೇನೆ ಎಂದು ಗದ್ದೆಗಿಳಿದೆ.

ಇಳಿದ ಮೇಲೆ ಗೊತ್ತಾಯಿತು. ಸಣ್ಣವಳಿದ್ದಾಗ ನೆಟ್ಟವಳು ಎಂಬ ಜಂಬ ಮಂಡಿಯುದ್ದ ಕೆಸರಿನಲ್ಲಿ ಇಳಿದುಹೋಯಿತು. ನಾನು ನೆಟ್ಟ ಸಸಿ ಎರಡು ಹೆಜ್ಜೆ ಹಿಂದೆ ಸರಿಯುವಷ್ಟರಲ್ಲಿ ತೇಲುತ್ತಿತ್ತು. ಟೀಚರ ಸಾಲು ಅವಳ ಒಂದನೇ ಕ್ಲಾಸಿನ ಮಕ್ಕಳ ಸಾಲಿನ ಹಾಗೆ ಎಲ್ಲೆಲ್ಲೋ ಹೋಗಿತ್ತು. ತೀರ್ಥಹಳ್ಳಿಯವಳ ಗಂಡ ಸಸಿಯ ಕಟ್ಟು ಎಸೆಯುತ್ತ ನಗು ತಡೆದುಕೊಳ್ಳುತ್ತಿದ್ದ. ಬದುವಿನ ಮೇಲೆ ನಿಂತ ಇವಳು ಮಾತ್ರ ನಗಲಿಲ್ಲ. ಬಲಗೈಯಲ್ಲಿ ಎಡಗೈ ಹಿಡಿದುಕೊಂಡು ನಿಂತಿದ್ದಳು.

ಆ ಹೊತ್ತಿಗೆ ಪಕ್ಕದ ಮನೆಯ ಹಿರಿಯ ಹೆಂಗಸು ಕೊಟ್ಟಿಗೆ ಕೆಲಸ ಮುಗಿಸಿ ಆ ದಾರಿಯಾಗಿ ಬಂದರು. ನಮ್ಮ ಸಾಲು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಇದು ಭತ್ತವೋ ಕಳೆಯೋ ಎಂದು ನನ್ನನ್ನೇ ಕೇಳಿದರು. ನಾನು ಸಿಟ್ಟಿನಿಂದ, ನೆಡಲು ಬರುವವರು ಇಳಿದು ತೋರಿಸಲಿ ಎಂದೆ. ಅವರು ಸೀರೆ ಎತ್ತಿ ಕಟ್ಟಿ ಇಳಿದೇಬಿಟ್ಟರು. ಅವರು ಇಳಿದದ್ದು ಕಂಡು ಆಚೆ ಮನೆಯ ಸೊಸೆ ಬಂದಳು, ಅವಳ ಹಿಂದೆ ಇನ್ನಿಬ್ಬರು ಹೆಂಗಸರು. ಯಾರನ್ನೂ ಯಾರೂ ಕರೆದಿರಲಿಲ್ಲ. ಇವಳು ಕರೆಯುತ್ತಾಳೆಂದೇ ಅವರು ಅಷ್ಟು ದಿನ ಕಾದಿದ್ದರಂತೆ. ಕರೆಯದಿದ್ದರೆ ಹೋಗುವುದು ಹೇಗೆ ಎಂದು ಸುಮ್ಮನಿದ್ದರಂತೆ. ಇದನ್ನು ಆ ಹಿರಿಯ ಹೆಂಗಸು ನನ್ನ ಪಕ್ಕದಲ್ಲಿ ಸಸಿ ಊರುತ್ತ ಹೇಳಿದರು.

ಬದುವಿನ ಮೇಲೆ ಇವಳ ಕಣ್ಣು ತುಂಬಿತ್ತು. ಬೇಡ, ಅಷ್ಟೆಲ್ಲ ಮುಯ್ಯಿ ತೀರಿಸುವ ಶಕ್ತಿ ತನಗಿಲ್ಲ ಎಂದು ಎಲ್ಲರಿಗೂ ಕೇಳುವಷ್ಟು ಜೋರಾಗಿಯೇ ಹೇಳಿದಳು. ಹಿರಿಯ ಹೆಂಗಸು ಬಗ್ಗಿದಲ್ಲಿಂದ ತಲೆ ಎತ್ತಲಿಲ್ಲ.

“ಕರ್ದು ಬಂದ್ರೆ ಮುಯ್ಯಿ ತಂಗಿ. ನೀ ಯಾರನ್ನ ಕರ್ದೆ? ಕರೀದೆ ಬಂದೋರಿಗೆ ಎಂತ ಮುಯ್ಯಿ?”

ಕೆಸರಿನಲ್ಲಿ ಬೆರಳು ಊರುವ ಸದ್ದಷ್ಟೇ ಇತ್ತು. ನಾನು ಬಗ್ಗಿಕೊಂಡೇ ಅತ್ತೆ. ಮುಖಕ್ಕೆ ಹೇಗೂ ಕೆಸರು ಸಿಡಿದಿತ್ತು, ಗೊತ್ತಾಗಲಿಲ್ಲ.

ಗದ್ದೆಯ ಕೊನೆಯ ಮೂಲೆ ಉಳಿದಿದ್ದಾಗ ಇವಳು ಸೆರಗು ಸಿಕ್ಕಿಸಿಕೊಂಡು ಬದುವಿನಿಂದ ಕೆಳಗಿಳಿದಳು. ಗಂಡ ಓಡಿ ಬಂದ. ಕಣ್ಣಲ್ಲೇ ಅವನನ್ನು ನಿಲ್ಲಿಸಿದಳು. ಒಂದು ಕಾಲು ಊರಿ, ಸಾವಕಾಶ ಇನ್ನೊಂದು ಊರಿ, ನನ್ನ ಕಡೆ ತಿರುಗಿದಳು.

“ಬಾರೆ ಇಲ್ಲಿ. ಕಟ್ಟು ಹಿಡ್ಕ.”

ಹೋದೆ. ಅವಳ ಎಡಕ್ಕೆ ನಿಂತು ಸಸಿಯ ಕಟ್ಟು ಹಿಡಿದೆ. ಎಡಗೈ ಮಾಡುವ ಕೆಲಸ ನನ್ನದು: ಹೆಬ್ಬೆರಳಿನಲ್ಲಿ ಮೂರ್ನಾಲ್ಕು ಎಳೆ ಬಿಡಿಸಿ ಮುಂದೆ ಚಾಚುವುದು. ಅವಳು ಬಲಗೈಯಲ್ಲಿ ತೆಗೆದುಕೊಂಡು ಊರುವುದು. ಮೊದಮೊದಲು ನಾನು ತಡ ಮಾಡುತ್ತಿದ್ದೆ, ಅವಳು ಬೈಯುತ್ತಿದ್ದಳು. ಬೈಸಿಕೊಂಡು ಅಷ್ಟು ಸಂತೋಷ ನನಗೆ ಎಂದೂ ಆದದ್ದಿಲ್ಲ. ಸ್ವಲ್ಪ ಹೊತ್ತಿಗೆ ಕೈಗೆ ಕೈ ಕೂಡಿತು. ಅವಳು ಊರಿದ ಒಂದು ಸಸಿಯೂ ತೇಲಲಿಲ್ಲ.

ಮೂಲೆ ಮುಗಿದ ಮೇಲೆ ನಾನು ಸುಮ್ಮನಿರಲಾರದೆ ಹೇಳಿದೆ, ಅವರನ್ನೇನೋ ನೀನು ಕರೆಯಲಿಲ್ಲ, ಆದರೆ ನನ್ನನ್ನು ಕರೆದೆಯಲ್ಲ, ನನ್ನ ಮುಯ್ಯಿ ಇದ್ದೇ ಇದೆ ಎಂದು. ಅವಳು ಕೆಸರು ಕೈಯಲ್ಲೇ ನನ್ನ ಬೆನ್ನಿಗೊಂದು ಗುದ್ದು ಕೊಟ್ಟಳು.

“ತೀರಿಸ್ತೀನಿ ಬಿಡೆ, ಮಾರಾಯ್ತಿ.”

ಪೈರು ಹಸಿರು ಕಟ್ಟುವ ಹೊತ್ತಿಗೆ ಮತ್ತೆ ಹೊಸನಗರದಲ್ಲಿ ಸೇರಿದೆವು. ಈ ಸಲ ಅವಳು ಬಸ್ಸಿನಲ್ಲೇ ಬಂದಿದ್ದಳು. ಅದೇ ಚಾದರ, ಬಟ್ಟೆ ಕ್ಲಿಪ್ಪಿನ ಚೀಟಿಗಳು. ಆಟ ಶುರುವಾಗುವ ಮೊದಲೇ ಬಟ್ಟಲಿನಿಂದ ಒಂದು ಬೀಜ ತೆಗೆದು ನನ್ನ ಮುಂದೆ ಇಟ್ಟಳು. ಅದು ಗದ್ದೆಯದು ಎಂದಳು. ಟೀಚರು ದಾಳ ಅವಳ ಕೈಗೆ ಕೊಟ್ಟಳು.

ಎಂದೂ ಆಡದಷ್ಟು ಚೆನ್ನಾಗಿ ಆವತ್ತು ಆಡಿದೆವು. ಕುಳ್ಳ ಮೂಲೆ ಬಿಟ್ಟು ಬೀದಿಗಿಳಿದಿದ್ದ. ಮಾಂತ್ರಿಕ ಸತ್ತಿದ್ದ. ಬಿಲ್ಲುಗಾರ್ತಿ ಹೆಬ್ಬಾಗಿಲು ದಾಟಿ ಆಗಿತ್ತು, ನನಗೆ ದಾರಿ ತೆರವಾಗಿತ್ತು, ಕುಳ್ಳನಿಗೆ ಒಂದೇ ಹೆಜ್ಜೆ. ಅವಳು ಕುಳ್ಳನನ್ನು ಎತ್ತಿದಳು. ಹೆಬ್ಬಾಗಿಲು ನೋಡಿದಳು. ನನ್ನ ಮುಂದಿನ ಬೀಜ ನೋಡಿದಳು. ಕುಳ್ಳನನ್ನು ತಿರುಗಿಸಿ, ನನ್ನ ಮಾಟಗಾತಿಯ ಪಕ್ಕ ಪಾಪದ ಹಾಗೆ ನಿಂತಿದ್ದ ಒಂದು ಹೆಣದ ಮುಂದೆ ತಂದಿಟ್ಟು, ದಾಳ ಹಾಕಿ, ಅದನ್ನು ಕೊಚ್ಚಿದಳು. ಬಲಗೈ ಚಾಚಿ ತನ್ನ ಬೀಜ ಎತ್ತಿಕೊಂಡಳು.

ಹಿಂದಿನಿಂದ ಹಿಂಡು ಬಂತು. ಮೂವರೂ ಸೋತೆವು. ನಾನು ಚಪ್ಪಲಿ ಮೆಟ್ಟಲಿಲ್ಲ, ಇನ್ನೊಂದು ಆಟಕ್ಕೆ ಹಲಗೆ ಜೋಡಿಸತೊಡಗಿದೆ.